ರಕ್ತದ ಹೂಳೆತ್ತುವ ಬೇರುಗಳು: ಚೀನೀ ವೈದ್ಯದ ಒಂದು ಅಧ್ಯಾಯ

ವಯಸ್ಕ ಮನುಷ್ಯನ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ವಿಶ್ರಾಂತಿಯಲ್ಲಿರುವಾಗ ಹೃದಯವು ಒಂದು ನಿಮಿಷಕ್ಕೆ ಹೆಚ್ಚುಕಡಿಮೆ ಅಷ್ಟೇ ರಕ್ತವನ್ನು ಹೊರದೂಡುತ್ತದೆ. ಎಂದರೆ, ದೇಹದ ಒಟ್ಟು ರಕ್ತ ಒಂದು ಸುತ್ತು ಬರಲು ಸುಮಾರು ಒಂದು ನಿಮಿಷ ಸಾಕು. ಶಾಲಾ ಪಠ್ಯದಲ್ಲೇ ಸಿಗುವ ಈ ಸಂಗತಿಯನ್ನು ಖಚಿತಪಡಿಸಿಕೊಳ್ಳಲು ಮಾನವನಿಗೆ ಸಾವಿರಾರು ವರ್ಷಗಳೇ ಹಿಡಿದವು. ಆದರೆ ರಕ್ತ ಹರಿಯಬೇಕು, ಅದು ನಿಂತರೆ ರೋಗ ಬರುತ್ತದೆ ಎಂಬ ಕಲ್ಪನೆ ಅದಕ್ಕಿಂತ ಬಹಳ ಹಳೆಯದು. ಆ ಕಲ್ಪನೆಯ ಸುತ್ತ ಒಂದು ದೊಡ್ಡ ಔಷಧ ಭಂಡಾರವನ್ನೇ ಕಟ್ಟಿದ ದೇಶ ಚೀನಾ. ಚೀನೀ ವೈದ್ಯರು ಈ ಚಿಕಿತ್ಸೆಯನ್ನು ‘ಹುವೋ ಶ್ಯುಯೆ ಹುವಾ ಯೂ’ ಎನ್ನುತ್ತಾರೆ. ‘ರಕ್ತಕ್ಕೆ ಚೈತನ್ಯ ಕೊಟ್ಟು, ನಿಂತದ್ದನ್ನು ಕರಗಿಸುವುದು’ ಎಂದು ಇದರ ಸ್ಥೂಲ ಅರ್ಥ.

ಇಲ್ಲಿನ ‘ಯೂ’ ಎಂಬ ಪದ ಗಮನಾರ್ಹ. ಚೀನೀ ಲಿಪಿಯಲ್ಲಿ ಈ ಅಕ್ಷರಕ್ಕೆ ರೋಗವನ್ನು ಸೂಚಿಸುವ ಚಿಹ್ನೆ ಇದೆ. ಆ ಚಿಹ್ನೆಯ ಬದಲು ನೀರಿನ ಚಿಹ್ನೆ ಹಾಕಿದರೆ, ಅದೇ ಉಚ್ಚಾರದ ಇನ್ನೊಂದು ಅಕ್ಷರವಾಗುತ್ತದೆ. ಅದರ ಅರ್ಥ ‘ಹೂಳು’. ಕಾಲುವೆಯಲ್ಲಿ ಹೂಳು ತುಂಬಿದರೆ ಕೊನೆಯ ಗದ್ದೆಗೆ ನೀರು ತಲುಪದು. ದೇಹದಲ್ಲಿ ರಕ್ತದ ಹೂಳು ತುಂಬಿದರೆ ನೋವು, ಗಂಟು, ಊತ, ಅಂಗಗಳ ಸ್ವಾಧೀನ ತಪ್ಪುವುದು ಮೊದಲಾದ ತೊಂದರೆಗಳು ಬರುತ್ತವೆ. ಕೃಷಿಯನ್ನೇ ನಂಬಿದ ಸಮಾಜವೊಂದು ಶರೀರವನ್ನು ಕಂಡ ಬಗೆ ಇದು.

ಮರದ ಪಟ್ಟಿಗಳಲ್ಲಿ ಸಿಕ್ಕ ಮದ್ದು

1972ರಲ್ಲಿ ಚೀನಾದ ಗಾನ್‌ಸು ಪ್ರಾಂತ್ಯದ ವೂವೈ ಎಂಬಲ್ಲಿ ಹಾನ್ ರಾಜವಂಶದ ಕಾಲದ ಒಂದು ಸಮಾಧಿ ಬೆಳಕಿಗೆ ಬಂತು. ಅದರಲ್ಲಿ ವೈದ್ಯಕ್ಕೆ ಸಂಬಂಧಿಸಿದ 92 ಮರದ ಪಟ್ಟಿ ಹಾಗೂ ಹಲಗೆಗಳಿದ್ದವು. ಸುಮಾರು 1,900 ವರ್ಷಗಳಷ್ಟು ಹಳೆಯದಾದ ಈ ಬರಹಗಳಲ್ಲಿ ‘ಯೂ’ ರೋಗಕ್ಕೆಂದೇ ಒಂದು ಮದ್ದು ಇದೆ. ಅದರಲ್ಲಿ ಹೇಳಿರುವ ದಾಂಗ್‌ಗ್ವಿ ಮತ್ತು ಚ್ವಾನ್‌ಶ್ಯೋಂಗ್ ಎಂಬ ಎರಡು ಬೇರುಗಳು ಇಂದಿಗೂ ಚೀನೀ ಔಷಧದ ಅಂಗಡಿಗಳಲ್ಲಿ ಮಾರಾಟವಾಗುತ್ತಿವೆ. ಎರಡೂ ನಮ್ಮ ಜೀರಿಗೆ, ಕೊತ್ತಂಬರಿಗಳ ಕುಟುಂಬಕ್ಕೆ ಸೇರಿದ ಸಸ್ಯಗಳು.

ಕ್ರಿ.ಶ. 2ನೇ ಶತಮಾನದ ಕೊನೆಯಲ್ಲಿದ್ದ ಚಾಂಗ್ ಚೋಂಗ್‌ಚಿಂಗ್ ಎಂಬ ಪ್ರಸಿದ್ಧ ವೈದ್ಯನ ಮದ್ದುಗಳು ಇನ್ನೂ ಉಗ್ರವಾಗಿದ್ದವು. ಅವನ ಒಂದು ಕಷಾಯದಲ್ಲಿ ಪೀಚ್ ಹಣ್ಣಿನ ಬೀಜದ ತಿರುಳು ಮತ್ತು ರೂಬಾರ್ಬ್ ಬೇರಿನ ಜೊತೆಗೆ ಜಿಗಣೆ ಹಾಗೂ ರಕ್ತ ಹೀರುವ ಕುರುಡುನೊಣ ಸೇರಿದ್ದವು. ರಕ್ತ ಹೀರುವ ಜೀವಿಯಲ್ಲಿ ರಕ್ತವನ್ನು ಹರಿಸುವ ಗುಣ ಇದ್ದೀತು ಎಂಬುದು ಇದರ ಹಿಂದಿನ ತರ್ಕ. ಕೇಳಲು ವಿಚಿತ್ರವೆನಿಸಿದರೂ, ಜಿಗಣೆಯ ವಿಷಯದಲ್ಲಿ ಈ ಊಹೆಗೆ ಆಧಾರ ಸಿಕ್ಕಿತು. 1884ರಲ್ಲಿ ಜಾನ್ ಹೇಕ್ರಾಫ್ಟ್ ಎಂಬ ವಿಜ್ಞಾನಿ ಜಿಗಣೆಯ ಸ್ರಾವದಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಸ್ತುವಿದೆ ಎಂದು ತೋರಿಸಿದ. ಮುಂದೆ ಅದಕ್ಕೆ ಹಿರುಡಿನ್ ಎಂಬ ಹೆಸರು ಬಂತು.

ಉಸಿರಿನಿಂದ ಅಳೆದ ಹರಿವು

ಹಾಗಾದರೆ ರಕ್ತ ಪರಿಚಲನೆಯನ್ನು ಮೊದಲು ಕಂಡುಹಿಡಿದವರು ಚೀನೀಯರೇ? ಹೌದು ಎನ್ನುವವರು ಇದ್ದಾರೆ. ಚೀನೀ ವಿಜ್ಞಾನದ ಇತಿಹಾಸ ಬರೆದ ಜೋಸೆಫ್ ನೀಡ್‌ಹ್ಯಾಮ್ ಮತ್ತು ಅವರ ಸಹೋದ್ಯೋಗಿ ಲೂ ಗ್ವೈ-ಜೆನ್ ಈ ಅಭಿಪ್ರಾಯದ ಕಡೆ ಒಲಿದಿದ್ದರು. ಅವರಿಗೆ ಆಧಾರ, ಕ್ರಿ.ಪೂ. ಕೊನೆಯ ಶತಮಾನಗಳಲ್ಲಿ ರೂಪುಗೊಂಡ ‘ಹುವಾಂಗ್‌ದೀ ನೈಚಿಂಗ್’ ಎಂಬ ಮೂಲ ವೈದ್ಯಗ್ರಂಥ.

ಈ ಗ್ರಂಥದಲ್ಲಿರುವ ಲೆಕ್ಕಾಚಾರ ಕುತೂಹಲಕಾರಿ. ಅದರ ಪ್ರಕಾರ ದೇಹದ ನಾಳಗಳ ಒಟ್ಟು ಉದ್ದ 162 ಚೀನೀ ಅಡಿಗಳು. ಒಂದು ಅಡಿಗೆ 10 ಅಂಗುಲ. ಮನುಷ್ಯ ಒಮ್ಮೆ ಉಸಿರಾಡಿದಾಗ ನಾಳದೊಳಗಿನ ಹರಿವು 6 ಅಂಗುಲ ಮುಂದೆ ಸಾಗುತ್ತದೆ. ಆದ್ದರಿಂದ ಒಂದು ಸುತ್ತಿಗೆ 270 ಉಸಿರು ಬೇಕು. ದಿನಕ್ಕೆ 13,500 ಉಸಿರು ಎಂದು ಹಿಡಿದರೆ ದಿನಕ್ಕೆ 50 ಸುತ್ತು.

ಲೆಕ್ಕ ಸರಿಯಾಗಿಯೇ ಕೂಡುತ್ತದೆ. ಆದರೆ ವಾಸ್ತವಕ್ಕೆ ಹೋಲಿಸಿ ನೋಡಿ. ದಿನಕ್ಕೆ 50 ಸುತ್ತು ಎಂದರೆ ಒಂದು ಸುತ್ತಿಗೆ ಸುಮಾರು 29 ನಿಮಿಷ. ನಿಜವಾದ ಅವಧಿ ಒಂದು ನಿಮಿಷದ ಆಸುಪಾಸು. ಅಷ್ಟೇ ಅಲ್ಲ, ಆ ಗ್ರಂಥದಲ್ಲಿ ಹರಿಯುವುದು ಬರಿಯ ರಕ್ತವಲ್ಲ. ‘ಚೀ’ ಎಂಬ ಪ್ರಾಣಶಕ್ತಿಯೂ ಅದರೊಂದಿಗೆ ಇದೆ. ಹರಿವಿಗೆ ಕಾರಣ ಹೃದಯದ ಬಡಿತವಲ್ಲ, ಉಸಿರು. ಹೃದಯ ಒಂದು ಪಂಪು ಎಂಬ ಮಾತು ಅಲ್ಲೆಲ್ಲೂ ಇಲ್ಲ. ಆದ್ದರಿಂದ ಅನೇಕ ಇತಿಹಾಸಕಾರರು ನೀಡ್‌ಹ್ಯಾಮರ ವಾದವನ್ನು ಒಪ್ಪುವುದಿಲ್ಲ.

1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ ಬೇರೆಯೇ ಬಗೆಯ ಲೆಕ್ಕ ಹಾಕಿದ. ಹೃದಯ ಒಂದು ಬಡಿತಕ್ಕೆ ಎಷ್ಟು ರಕ್ತ ದೂಡುತ್ತದೆ, ಅರ್ಧ ಗಂಟೆಯಲ್ಲಿ ಎಷ್ಟು ಬಡಿತ ಎಂದು ಗುಣಿಸಿದ. ಬಂದ ಮೊತ್ತ ತಿಂದ ಆಹಾರದಿಂದ ಹೊಸದಾಗಿ ತಯಾರಾಗುವಷ್ಟು ಇರಲಿಲ್ಲ, ಬಹಳ ಹೆಚ್ಚಿತ್ತು. ಆದ್ದರಿಂದ ಅದೇ ರಕ್ತ ಮತ್ತೆ ಮತ್ತೆ ಸುತ್ತುತ್ತಿರಬೇಕು ಎಂದು ತೀರ್ಮಾನಿಸಿದ. ಕೈಗೆ ಪಟ್ಟಿ ಬಿಗಿದು, ರಕ್ತ ಯಾವ ದಿಕ್ಕಿನಲ್ಲಿ ಹರಿಯುತ್ತದೆಂದು ಯಾರು ಬೇಕಾದರೂ ನೋಡಬಹುದಾದ ಪ್ರಯೋಗಗಳನ್ನು ಮುಂದಿಟ್ಟ. ಸುತ್ತುವಿಕೆಯ ಕಲ್ಪನೆ ಇಬ್ಬರಲ್ಲೂ ಇತ್ತು. ತಪ್ಪಿದ್ದರೆ ತೋರಿಸಿಕೊಡಿ ಎನ್ನುವ ಪ್ರಯೋಗ ಹಾರ್ವೆಯಲ್ಲಿ ಮಾತ್ರ ಇತ್ತು.

ಸ್ಮಶಾನದಲ್ಲಿ ಕಲಿತ ವೈದ್ಯ

ಹಾರ್ವೆಯ ಗ್ರಂಥ ಬಂದು ಎರಡು ಶತಮಾನ ಕಳೆದರೂ ಚೀನೀ ವೈದ್ಯರಿಗೆ ಅದರ ಪರಿಚಯವಿರಲಿಲ್ಲವೆಂದೇ ಹೇಳಬಹುದು. ಹೆತ್ತವರು ಕೊಟ್ಟ ದೇಹವನ್ನು ಕತ್ತರಿಸುವುದು ಅಲ್ಲಿ ಮಹಾಪಾಪ. ಶವವನ್ನು ನೋಡದೆಯೇ ಶರೀರಶಾಸ್ತ್ರ ಹೇಳುವುದು ರೂಢಿಯಾಗಿತ್ತು. ಈ ರೂಢಿಯನ್ನು ಪ್ರಶ್ನಿಸಿದವನು ವಾಂಗ್ ಚಿಂಗ್‌ರೆನ್ (1768–1831). ಇಂದಿನ ಹೆಬೇ ಪ್ರಾಂತ್ಯದ ಯೂತಿಯನ್ ಅವನ ಊರು.

1797ರಲ್ಲಿ ಲುವಾನ್‌ಚೌ ಎಂಬಲ್ಲಿ ಮಕ್ಕಳಿಗೆ ಸಾಂಕ್ರಾಮಿಕ ರೋಗ ತಗುಲಿ ಸಾವುಗಳು ಹೆಚ್ಚಿದವು. ಬಡವರು ಮಗುವನ್ನು ಚಾಪೆಯಲ್ಲಿ ಸುತ್ತಿ ಮೇಲುಮೇಲೆ ಹೂಳುತ್ತಿದ್ದರು. ನಾಯಿ ತಿಂದರೆ ಮುಂದಿನ ಮಗು ಉಳಿಯುತ್ತದೆ ಎಂಬ ನಂಬಿಕೆ ಅಲ್ಲಿತ್ತು. ದಾರಿಯಲ್ಲಿ ಹೋಗುತ್ತಿದ್ದ ವಾಂಗ್ ಮೊದಲು ಮೂಗು ಮುಚ್ಚಿಕೊಂಡ. ನಂತರ, ಹಿಂದಿನ ವೈದ್ಯರು ಅಂಗಗಳ ವಿಷಯದಲ್ಲಿ ತಪ್ಪಿದ್ದು ಅವನ್ನು ಕಣ್ಣಾರೆ ನೋಡದಿದ್ದ ಕಾರಣದಿಂದ ಎಂದು ಅವನಿಗೆ ಹೊಳೆಯಿತು. ಸುಮಾರು ಹತ್ತು ದಿನ ಪ್ರತಿದಿನವೂ ಆ ಸ್ಮಶಾನಕ್ಕೆ ಹೋದ. ಒಂದು ಶವದಲ್ಲಿ ಇಲ್ಲದ ಅಂಗವನ್ನು ಇನ್ನೊಂದರಲ್ಲಿ ನೋಡಿ, 30ಕ್ಕೂ ಹೆಚ್ಚು ಶವಗಳಿಂದ ದೇಹದ ಒಳರಚನೆಯನ್ನು ಜೋಡಿಸಿಕೊಂಡ. ಎದೆ ಮತ್ತು ಹೊಟ್ಟೆಯನ್ನು ಬೇರ್ಪಡಿಸುವ ತೆಳುವಾದ ವಪೆ ಮಾತ್ರ ಎಲ್ಲದರಲ್ಲೂ ಹರಿದುಹೋಗಿತ್ತು. ಅದನ್ನು ನೋಡಲು ಮರಣದಂಡನೆ ನಡೆಯುವ ಸ್ಥಳಗಳಿಗೂ ಹೋಗಿ ನಿರಾಶನಾದ. ಕೊನೆಗೆ 1829ರಲ್ಲಿ ಅಂಥ ಶವಗಳನ್ನು ಬಹಳಷ್ಟು ಕಂಡಿದ್ದ ಒಬ್ಬ ಅಧಿಕಾರಿಯಿಂದ ವಪೆಯ ವಿವರ ಕೇಳಿ ತಿಳಿದ. 1830ರಲ್ಲಿ ಅವನ ಪುಸ್ತಕ ‘ಯೀಲಿನ್ ಗಾಯ್‌ಚ್ವೋ’ ಹೊರಬಂತು. ‘ವೈದ್ಯ ಸಮೂಹದ ತಪ್ಪುಗಳ ತಿದ್ದುಪಡಿ’ ಎಂದು ಅದರ ಹೆಸರಿನ ಅರ್ಥ.

ವಾಂಗ್ ಹಲವು ತಪ್ಪುಗಳನ್ನು ತಿದ್ದಿದ್ದು ನಿಜ. ನೆನಪು ಇರುವುದು ಹೃದಯದಲ್ಲಲ್ಲ, ಮಿದುಳಿನಲ್ಲಿ ಎಂದು ಸ್ಪಷ್ಟವಾಗಿ ಬರೆದ. ಆದರೆ ರಕ್ತದ ವಿಷಯಕ್ಕೆ ಬಂದಾಗ ದೊಡ್ಡ ಎಡವಟ್ಟು ಮಾಡಿದ. ಸತ್ತ ಮೇಲೆ ಅಪಧಮನಿಗಳು ಸಂಕುಚಿಸಿ ತಮ್ಮೊಳಗಿನ ರಕ್ತವನ್ನು ಅಭಿಧಮನಿಗಳ ಕಡೆಗೆ ತಳ್ಳುತ್ತವೆ. ಹೀಗಾಗಿ ಶವದ ಅಪಧಮನಿ ಖಾಲಿಯಾಗಿ ಕಾಣುತ್ತದೆ. ಅದನ್ನು ನೋಡಿದ ವಾಂಗ್, ಅಪಧಮನಿಗಳು ‘ಚೀ’ ಸಾಗಿಸುವ ಕೊಳವೆಗಳು ಎಂದ. ಹೃದಯದಲ್ಲಿ ರಕ್ತವೇ ಇಲ್ಲ ಎಂದ. ನಾಯಿಗಳು ಎಳೆದಾಡಿದ ಶವಗಳಲ್ಲಿ ವಪೆಯ ಮೇಲೆ ರಕ್ತ ಮಡುಗಟ್ಟಿ ನಿಂತಿರುತ್ತಿತ್ತು. ಅದನ್ನು ಬದುಕಿರುವವರಲ್ಲೂ ಇರುವ ರಕ್ತದ ಕೊಳ ಎಂದು ತಿಳಿದು, ‘ಶ್ಯುಯೆಫೂ’ ಅಥವಾ ‘ರಕ್ತದ ಅರಮನೆ’ ಎಂದು ಕರೆದ. ಅವನೊಬ್ಬನೇ ಹೀಗೆ ಎಡವಿದವನಲ್ಲ. ಕ್ರಿ.ಪೂ. 3ನೇ ಶತಮಾನದ ಗ್ರೀಕ್ ವೈದ್ಯ ಎರಾಸಿಸ್ಟ್ರಾಟಸ್ ಕೂಡ ಅಪಧಮನಿಗಳಲ್ಲಿ ಗಾಳಿ ಇದೆ ಎಂದೇ ನಂಬಿದ್ದ.

ಇಲ್ಲದ ಅಂಗಕ್ಕೆ ಮಾಡಿದ ಕಷಾಯ

ಕಥೆ ಇಲ್ಲಿಗೆ ಮುಗಿದಿದ್ದರೆ ವಾಂಗ್ ಚಿಂಗ್‌ರೆನ್‌ನ ಹೆಸರು ಇತಿಹಾಸದ ಅಡಿಟಿಪ್ಪಣಿಯಲ್ಲಿ ಉಳಿಯುತ್ತಿತ್ತು. ಆದರೆ ಅವನು ಆ ‘ರಕ್ತದ ಅರಮನೆ’ಯಲ್ಲಿ ನಿಂತ ರಕ್ತವನ್ನು ಹೊರದೂಡಲೆಂದು ಒಂದು ಕಷಾಯವನ್ನೂ ರಚಿಸಿದ. ಅದೇ ‘ಶ್ಯುಯೆಫೂ ಚೂಯೂ ತಾಂಗ್’. ಇದರಲ್ಲಿ 11 ವಸ್ತುಗಳಿವೆ. ಪೀಚ್ ಬೀಜದ ತಿರುಳು, ದಾಂಗ್‌ಗ್ವಿ, ಚ್ವಾನ್‌ಶ್ಯೋಂಗ್, ಪಿಯೋನಿ ಗಿಡದ ಬೇರು, ಅತಿಮಧುರದ ಬೇರು ಇವುಗಳಲ್ಲಿ ಸೇರಿವೆ. ಇನ್ನೊಂದು ವಸ್ತು ನಮಗೆ ಚೆನ್ನಾಗಿ ಗೊತ್ತು. ಉತ್ತರ ಕರ್ನಾಟಕದ ಕಪ್ಪು ಮಣ್ಣಿನ ಹೊಲಗಳಲ್ಲಿ ಹಿಂಗಾರಿಗೆ ಬೆಳೆಯುವ ಕುಸುಬೆಯ ಹೂವಿನ ಎಸಳುಗಳು ಅವು. ನಾವು ಕುಸುಬೆಯನ್ನು ಬೀಜದ ಎಣ್ಣೆಗಾಗಿ ಬೆಳೆದರೆ, ಚೀನೀಯರು ಅದರ ಹೂವನ್ನು ‘ಹೋಂಗ್‌ಹುವಾ’ ಎಂಬ ಹೆಸರಿನಿಂದ ರಕ್ತದ ಮದ್ದಾಗಿ ಬಳಸುತ್ತಾರೆ.

ವಾಂಗ್ ಈ ಕಷಾಯವನ್ನು 19 ಬಗೆಯ ತೊಂದರೆಗಳಿಗೆ ಹೇಳಿದ. ಎದೆನೋವು, ತಲೆನೋವು, ನಿದ್ರಾಹೀನತೆ, ಬಿಕ್ಕಳಿಕೆಗಳಿಂದ ಹಿಡಿದು ರಾತ್ರಿ ಮಗು ಅಳುವುದರ ತನಕ ಎಲ್ಲವೂ ಆ ಪಟ್ಟಿಯಲ್ಲಿವೆ. ಪಾರ್ಶ್ವವಾಯುವಿಗೆ ಅವನು ಹೇಳಿದ ಇನ್ನೊಂದು ಕಷಾಯವೂ ಪ್ರಸಿದ್ಧ. ಅವನು ಸತ್ತು 20 ವರ್ಷಗಳಾದ ಮೇಲೆ, 1851ರಲ್ಲಿ, ಬೆಂಜಮಿನ್ ಹಾಬ್ಸನ್ ಎಂಬ ಬ್ರಿಟಿಷ್ ವೈದ್ಯ ಗುವಾಂಗ್‌ಚೌ ನಗರದಲ್ಲಿ ಚೀನೀ ಭಾಷೆಯ ಶರೀರಶಾಸ್ತ್ರ ಪುಸ್ತಕವೊಂದನ್ನು ಪ್ರಕಟಿಸಿ ಹಾರ್ವೆಯ ರಕ್ತ ಪರಿಚಲನೆಯನ್ನು ವಿವರಿಸಿದ. ‘ರಕ್ತದ ಅರಮನೆ’ ಎಂಬ ಅಂಗವೇ ಇಲ್ಲವೆಂಬುದು ಕ್ರಮೇಣ ಎಲ್ಲರಿಗೂ ತಿಳಿಯಿತು. ಆದರೂ ಕಷಾಯ ಬಳಕೆಯಲ್ಲಿ ಉಳಿಯಿತು.

ಇಲ್ಲಿ ಒಂದು ಮುಖ್ಯ ಪ್ರಶ್ನೆ ಏಳುತ್ತದೆ. ಸಿದ್ಧಾಂತ ತಪ್ಪಾಗಿದ್ದರೆ ಮದ್ದೂ ಸುಳ್ಳೇ? ಹಾಗೆನ್ನಲು ಬರುವುದಿಲ್ಲ. ತಪ್ಪು ಕಾರಣಕ್ಕೆ ಆರಿಸಿದ ಗಿಡವೂ ಗುಣ ಕೊಡಬಹುದು. ಹಾಗೆಯೇ, ಎರಡು ಸಾವಿರ ವರ್ಷ ಬಳಸಿದ್ದಾರೆ ಎಂದ ಮಾತ್ರಕ್ಕೆ ಮದ್ದು ನಿಜವೆನ್ನಲೂ ಬರುವುದಿಲ್ಲ. ಎರಡಕ್ಕೂ ಉತ್ತರ ಕೊಡಬೇಕಾದದ್ದು ಪರೀಕ್ಷೆ.

ಕೆಂಪು ಬೇರು ಪ್ರಯೋಗಾಲಯಕ್ಕೆ

ಈ ಗುಂಪಿನ ಔಷಧಗಳಲ್ಲಿ ಅತ್ಯಂತ ಹೆಸರಾದದ್ದು ದಾನ್‌ಷೆನ್. ಇದರ ಸಸ್ಯನಾಮ ಸಾಲ್ವಿಯ ಮಿಲ್ಟಿಯೋರೈಜ. ತುಳಸಿಯ ಕುಟುಂಬಕ್ಕೆ ಸೇರಿದ ಗಿಡ. ನಮ್ಮ ಉದ್ಯಾನಗಳಲ್ಲಿ ಸಾಲುಸಾಲಾಗಿ ಕೆಂಪು ಹೂ ಬಿಡುವ ಸಾಲ್ವಿಯ ಇದರ ಹತ್ತಿರದ ಬಂಧು. ಆದರೆ ದಾನ್‌ಷೆನ್‌ನಲ್ಲಿ ಕೆಂಪಾಗಿರುವುದು ಬೇರು. ರಕ್ತದ ಬಣ್ಣದ ಬೇರು ರಕ್ತಕ್ಕೆ ಒಳ್ಳೆಯದು ಎಂಬ ಸಾದೃಶ್ಯವೂ ಅದರ ಖ್ಯಾತಿಗೆ ನೆರವಾಗಿರಬಹುದು.

1934ರಲ್ಲಿ ಜಪಾನಿನ ನಕಾವೊ ಮತ್ತು ಫುಕುಶಿಮಾ ಈ ಬೇರಿನಿಂದ ಕೆಂಪು ವರ್ಣದ್ರವ್ಯಗಳನ್ನು ಬೇರ್ಪಡಿಸಿದರು. ಇವುಗಳಿಗೆ ಟ್ಯಾನ್‌ಶಿನೋನ್ ಎಂಬ ಹೆಸರಿದೆ. ಇವು ಕೊಬ್ಬಿನಲ್ಲಿ ಕರಗುವ ವಸ್ತುಗಳು. ನೀರಿನಲ್ಲಿ ಕರಗುವ ಸಾಲ್ವಿಯನೋಲಿಕ್ ಆಮ್ಲಗಳು ನಂತರ ಪತ್ತೆಯಾದವು. ಕಷಾಯ ಕಾಯಿಸಿದಾಗ ನೀರಿಗೆ ಹೆಚ್ಚಾಗಿ ಇಳಿಯುವುದು ಇವೇ. ರಕ್ತದ ಕಿರುಬಿಲ್ಲೆಗಳು (ಪ್ಲೇಟ್‌ಲೆಟ್‌ಗಳು) ಒಂದಕ್ಕೊಂದು ಅಂಟಿಕೊಳ್ಳುವುದನ್ನು ತಗ್ಗಿಸುವುದು, ರಕ್ತನಾಳದ ಸ್ನಾಯುವನ್ನು ಸಡಿಲಿಸುವುದು ಮೊದಲಾದ ಗುಣಗಳು ಈ ವಸ್ತುಗಳಲ್ಲಿ ಪ್ರಯೋಗಾಲಯದ ಮಟ್ಟದಲ್ಲಿ ಕಂಡುಬಂದಿವೆ. ಆದರೆ ಗಾಜಿನ ನಳಿಕೆಯಲ್ಲಿ ಕಂಡ ಗುಣ ರೋಗಿಯ ದೇಹದಲ್ಲೂ ಕಾಣಬೇಕೆಂದಿಲ್ಲ. ನುಂಗಿದ ಮದ್ದು ಕರುಳಿನಲ್ಲಿ ಹೀರಲ್ಪಟ್ಟು, ಯಕೃತ್ತನ್ನು ದಾಟಿ, ಸಾಕಷ್ಟು ಪ್ರಮಾಣದಲ್ಲಿ ರಕ್ತಕ್ಕೆ ಸೇರಬೇಕು. ಟ್ಯಾನ್‌ಶಿನೋನ್‌ಗಳು ಕರುಳಿನಿಂದ ಬಹಳ ಕಡಿಮೆ ಪ್ರಮಾಣದಲ್ಲಿ ಹೀರಲ್ಪಡುತ್ತವೆ.

ಚೀನಾದಲ್ಲಿ 1955ರಲ್ಲಿ ಸಾಂಪ್ರದಾಯಿಕ ವೈದ್ಯದ ರಾಷ್ಟ್ರೀಯ ಸಂಶೋಧನ ಸಂಸ್ಥೆ ಬೀಜಿಂಗ್‌ನಲ್ಲಿ ಆರಂಭವಾಯಿತು. ಅದರ ಶಿಯುವಾನ್ ಆಸ್ಪತ್ರೆಯ ಹೃದ್ರೋಗ ತಜ್ಞ ಚೆನ್ ಕೆಜಿ ಮತ್ತು ಸಂಗಡಿಗರು 1970ರ ದಶಕದಲ್ಲಿ ‘ಗ್ವಾನ್‌ಶಿನ್-2’ ಎಂಬ ಮಿಶ್ರಣವನ್ನು ಹೃದಯದ ಎದೆನೋವಿಗೆ, ಎಂದರೆ ಆಂಜೈನಾಕ್ಕೆ, ಬಳಸಿದರು. ದಾನ್‌ಷೆನ್, ಚ್ವಾನ್‌ಶ್ಯೋಂಗ್, ಪಿಯೋನಿ ಬೇರು, ಕುಸುಬೆ ಹೂ ಮತ್ತು ನಮ್ಮ ಬೀಟೆಮರದ ಜಾತಿಗೆ ಸೇರಿದ ಒಂದು ಮರದ ಚೇಗು, ಹೀಗೆ ಅದರಲ್ಲಿ ಐದು ವಸ್ತುಗಳು. 1982ರಲ್ಲಿ ಇದರ ಮಾತ್ರೆಯನ್ನು 112 ರೋಗಿಗಳ ಮೇಲೆ ಡಬಲ್ ಬ್ಲೈಂಡ್ ಕ್ರಮದಲ್ಲಿ ಪರೀಕ್ಷಿಸಿದ ವರದಿ ಪ್ರಕಟವಾಯಿತು. ಯಾರಿಗೆ ನಿಜವಾದ ಮದ್ದು, ಯಾರಿಗೆ ಹುಸಿಮದ್ದು ಎಂಬುದು ರೋಗಿಗೂ ವೈದ್ಯನಿಗೂ ತಿಳಿಯದಂತೆ ನಡೆಸುವ ಪರೀಕ್ಷೆ ಇದು. ಫಲಿತಾಂಶ ಮದ್ದಿನ ಪರವಾಗಿತ್ತು. ಆದರೆ ಸಂಖ್ಯೆ ಚಿಕ್ಕದು. ಅದಕ್ಕಿಂತ ದೊಡ್ಡದು, ಚೀನೀ ವೈದ್ಯ ಇಂಥ ಪರೀಕ್ಷೆಗೆ ತನ್ನನ್ನು ಒಡ್ಡಿಕೊಂಡಿತು ಎಂಬ ಸಂಗತಿ. 2003ರಲ್ಲಿ ಈ ಸಂಶೋಧನೆಗೆ ಚೀನಾ ಸರಕಾರದ ವಿಜ್ಞಾನ ತಂತ್ರಜ್ಞಾನ ಪ್ರಗತಿಯ ಮೊದಲ ದರ್ಜೆಯ ಪ್ರಶಸ್ತಿ ಸಂದಿತು.

ದೊಡ್ಡ ಪರೀಕ್ಷೆಗಳು ಹೇಳಿದ್ದೇನು?

ಕಳೆದ ಕೆಲವು ವರ್ಷಗಳಲ್ಲಿ ಸಾವಿರಾರು ರೋಗಿಗಳನ್ನೊಳಗೊಂಡ ಪರೀಕ್ಷೆಗಳು ನಡೆದಿವೆ. ಅವುಗಳ ಫಲಿತಾಂಶ ಒಂದೇ ತೆರನಾಗಿಲ್ಲ.

ದಾನ್‌ಷೆನ್, ಕುಸುಬೆ, ಪೀಚ್ ತಿರುಳು ಮೊದಲಾದವನ್ನು ಹೊಂದಿದ, ವಾಂಗ್‌ನ ಪಾರ್ಶ್ವವಾಯು ಕಷಾಯವನ್ನು ನೆನಪಿಸುವ ‘ನ್ಯೂರೋಏಡ್’ ಎಂಬ ಔಷಧವನ್ನು ಏಷ್ಯಾದ ಹಲವು ದೇಶಗಳ 1,099 ಪಾರ್ಶ್ವವಾಯು ರೋಗಿಗಳಲ್ಲಿ ಪರೀಕ್ಷಿಸಲಾಯಿತು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ತಿಂಗಳ ಕೊನೆಯಲ್ಲಿ ಮದ್ದು ಪಡೆದವರಿಗೂ ಹುಸಿಮದ್ದು ಪಡೆದವರಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಮಿದುಳಿನೊಳಗೆ ರಕ್ತಸ್ರಾವವಾದ 1,600ಕ್ಕೂ ಹೆಚ್ಚು ರೋಗಿಗಳಿಗೆ ಇನ್ನೊಂದು ಗಿಡಮೂಲಿಕೆ ಮಿಶ್ರಣ ಕೊಟ್ಟು ಚೀನಾದಲ್ಲಿ ನಡೆಸಿದ ಪರೀಕ್ಷೆಯೂ, 2024ರ ವರದಿಯಂತೆ, ಚೇತರಿಕೆಯಲ್ಲಿ ಪ್ರಯೋಜನ ತೋರಲಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ‘ತೋಂಗ್‌ಶಿನ್‌ಲುವೋ’ ಎಂಬ ಮದ್ದಿನಲ್ಲಿ ಜಿನ್ಸೆಂಗ್, ಪಿಯೋನಿ, ಶ್ರೀಗಂಧಗಳ ಜೊತೆಗೆ ಜಿಗಣೆ, ಚೇಳುಗಳೂ ಇವೆ. ತೀವ್ರ ಹೃದಯಾಘಾತವಾದ 3,777 ರೋಗಿಗಳಿಗೆ ಎಂದಿನ ಆಧುನಿಕ ಚಿಕಿತ್ಸೆಯ ಜೊತೆಗೆ ಇದನ್ನು ಅಥವಾ ಹುಸಿಮದ್ದನ್ನು ಕೊಡಲಾಯಿತು. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮೊದಲ 30 ದಿನಗಳಲ್ಲಿ ಸಾವು, ಮರುಹೃದಯಾಘಾತ, ಪಾರ್ಶ್ವವಾಯು ಮುಂತಾದ ಗಂಭೀರ ಘಟನೆಗಳು ಹುಸಿಮದ್ದಿನ ಗುಂಪಿನಲ್ಲಿ ಶೇಕಡ 5.2 ಇದ್ದರೆ, ಮದ್ದಿನ ಗುಂಪಿನಲ್ಲಿ ಶೇಕಡ 3.4. ಇದು ಕಡೆಗಣಿಸುವಂಥ ಅಂತರವಲ್ಲ. ಆದರೆ ಇಡೀ ಪರೀಕ್ಷೆ ನಡೆದದ್ದು ಒಂದೇ ದೇಶದಲ್ಲಿ. ಹತ್ತಾರು ವಸ್ತುಗಳ ಈ ಮಿಶ್ರಣದಲ್ಲಿ ಕೆಲಸ ಮಾಡಿದ್ದು ಯಾವುದು ಎಂಬುದು ಆ ಪರೀಕ್ಷೆಯಿಂದ ತಿಳಿಯದು. ಬೇರೆ ದೇಶಗಳ ಸ್ವತಂತ್ರ ತಂಡಗಳು ಇದೇ ಫಲಿತಾಂಶ ಪಡೆದರೆ ನಂಬಿಕೆ ಗಟ್ಟಿಯಾಗುತ್ತದೆ.

ಎಚ್ಚರಿಕೆಯ ಮಾತು

‘ಗಿಡಮೂಲಿಕೆ ತಾನೇ, ಗುಣವಾಗದಿದ್ದರೂ ಕೆಡುಕಿಲ್ಲ’ ಎಂಬ ಮಾತು ನಮ್ಮಲ್ಲೂ ಸಾಮಾನ್ಯ. ರಕ್ತದ ಮದ್ದುಗಳ ವಿಷಯದಲ್ಲಿ ಇದು ಅಪಾಯಕಾರಿ. ಹೃದಯದ ಕವಾಟ ಬದಲಾಯಿಸಿಕೊಂಡ ಅನೇಕರು ವಾರ್ಫರಿನ್ ಎಂಬ ಮಾತ್ರೆಯನ್ನು ಜೀವನಪರ್ಯಂತ ತೆಗೆದುಕೊಳ್ಳುತ್ತಾರೆ. ರಕ್ತ ಹೆಪ್ಪುಗಟ್ಟುವ ವೇಗವನ್ನು ಅದು ತಗ್ಗಿಸುತ್ತದೆ. ಪ್ರಮಾಣ ಕಡಿಮೆಯಾದರೆ ಹೆಪ್ಪು ಕಟ್ಟುತ್ತದೆ, ಹೆಚ್ಚಾದರೆ ರಕ್ತಸ್ರಾವವಾಗುತ್ತದೆ. ಆದ್ದರಿಂದಲೇ ಆಗಾಗ ರಕ್ತಪರೀಕ್ಷೆ ಮಾಡಿಸಬೇಕು. 1990ರ ದಶಕದಲ್ಲಿ, ವಾರ್ಫರಿನ್ ಜೊತೆಗೆ ದಾನ್‌ಷೆನ್ ಸೇವಿಸಿದ ರೋಗಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಶಕ್ತಿ ಅಪಾಯದ ಮಟ್ಟಕ್ಕೆ ಇಳಿದ ಪ್ರಸಂಗಗಳನ್ನು ಹಾಂಗ್‌ಕಾಂಗ್‌ನ ವೈದ್ಯರು ವರದಿ ಮಾಡಿದರು. ಪೀಚ್ ತಿರುಳಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಮಿಗ್ಡಲಿನ್ ಇದೆ ಎಂಬುದನ್ನೂ ಮರೆಯುವಂತಿಲ್ಲ.

ವಾರ್ಫರಿನ್‌ನ ಮೂಲವೂ ಒಂದು ಗಿಡವೇ. ಕೊಳೆತ ಮೇವು ತಿಂದ ಹಸುಗಳು ರಕ್ತಸ್ರಾವದಿಂದ ಸಾಯುತ್ತಿದ್ದುದನ್ನು ಬೆನ್ನಟ್ಟಿ ಹೋದ ಅಮೆರಿಕದ ಕಾರ್ಲ್ ಲಿಂಕ್‌ನ ತಂಡ, ಮೇವಿನಲ್ಲಿದ್ದ ವಸ್ತುವನ್ನು ಗುರುತಿಸಿ ಅದರ ರಚನೆಯನ್ನು 1941ರ ವೇಳೆಗೆ ಖಚಿತಪಡಿಸಿತು. ಅದೇ ಹಾದಿಯಲ್ಲಿ ಮುಂದೆ ವಾರ್ಫರಿನ್ ಬಂತು. ಕಾರಣವಾದ ವಸ್ತು ಯಾವುದು, ಎಷ್ಟು ಕೊಡಬೇಕು, ಪರಿಣಾಮವನ್ನು ಹೇಗೆ ಅಳೆಯಬೇಕು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ್ದರಿಂದ ಅದು ಔಷಧವಾಯಿತು. ದಾನ್‌ಷೆನ್‌ಗೆ ಮೊದಲ ಪ್ರಶ್ನೆಯ ಉತ್ತರ ಭಾಗಶಃ ಸಿಕ್ಕಿದೆ. ಉಳಿದೆರಡಕ್ಕೆ ಇನ್ನೂ ಕೆಲಸ ನಡೆಯಬೇಕಾಗಿದೆ. ಹೃದಯದ ಅಥವಾ ರಕ್ತದ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಯಾವುದೇ ದೇಶದ ಗಿಡಮೂಲಿಕೆ ಸೇವಿಸುವ ಮುನ್ನ ತಮ್ಮ ವೈದ್ಯರಿಗೆ ತಿಳಿಸುವುದು ಅಗತ್ಯ. ಶಸ್ತ್ರಚಿಕಿತ್ಸೆಗೆ ಮುನ್ನವಂತೂ ಕಡ್ಡಾಯ.

ವಾಂಗ್ ಚಿಂಗ್‌ರೆನ್‌ನ ಪುಸ್ತಕದಲ್ಲಿ ತಪ್ಪುಗಳಿದ್ದರೂ ಅವನು ಸ್ಮಶಾನಕ್ಕೆ ಹೋದ ಕಾರಣ ಸರಿಯಾಗಿತ್ತು. ಗ್ರಂಥದಲ್ಲಿ ಇರುವುದನ್ನು ಕಣ್ಣಿನಿಂದ ಪರೀಕ್ಷಿಸಬೇಕು ಎಂದು ಅವನು ನಂಬಿದ್ದ. ಸತ್ತ ದೇಹ ಬದುಕಿರುವ ದೇಹದ ಎಲ್ಲ ಗುಟ್ಟನ್ನೂ ಹೇಳುವುದಿಲ್ಲವೆಂಬುದು ಅವನಿಗೆ ಹೊಳೆಯಲಿಲ್ಲ, ಅಷ್ಟೆ. ಅವನ ಕಷಾಯಗಳನ್ನು ಇಂದು ಸಾವಿರಾರು ರೋಗಿಗಳಲ್ಲಿ, ಹುಸಿಮದ್ದಿನ ಜೊತೆ ಹೋಲಿಸಿ ನೋಡುತ್ತಿರುವವರು ಅವನು ಅರ್ಧಕ್ಕೆ ಬಿಟ್ಟ ಕೆಲಸವನ್ನೇ ಮುಂದುವರಿಸುತ್ತಿದ್ದಾರೆ. ನಮ್ಮ ಆಯುರ್ವೇದದ ಮತ್ತು ನಾಟಿ ವೈದ್ಯದ ಬೇರುನಾರುಗಳಿಗೂ ಇದೇ ಬಗೆಯ ಪರೀಕ್ಷೆ ನಡೆಯಬೇಕು. ಗುಣವುಳ್ಳದ್ದು ಅದರಲ್ಲಿ ಗೆದ್ದು ಉಳಿಯುತ್ತದೆ.